ಎಲ್ಲ ರೂಟರ್‌ಗಳೂ ನಿಯಮದಂತೆಯೇ ನಡೆದಾಗ: 1980ರ ಆರ್ಪಾನೆಟ್ ಸ್ಥಗಿತದ ಪ್ರಕರಣ ಅಧ್ಯಯನ

ಜಾಲದಲ್ಲಿ ಮಾಹಿತಿಗೆ ದಾರಿ ತೋರಿಸುವ ಯಂತ್ರವಾದ ರೂಟರ್ ಒಂದರ ಪ್ರೊಸೆಸರ್ ಬಳಕೆ ಶೇ. 100ರ ಹತ್ತಿರ ಏರಿ ಅಲ್ಲಿಯೇ ನಿಂತರೆ ನಾವು ಸಾಮಾನ್ಯವಾಗಿ ಆ ರೂಟರ್‌ನೊಳಗೇ ದೋಷ ಹುಡುಕಲು ಹೊರಡುತ್ತೇವೆ. ಸಾಫ್ಟ್‌ವೇರ್ ಆವೃತ್ತಿಯನ್ನು ನೋಡುತ್ತೇವೆ, ಮೆಮರಿ ಸೋರಿಕೆಯನ್ನು ಶಂಕಿಸುತ್ತೇವೆ, ಏನೂ ಹೊಳೆಯದಿದ್ದರೆ ರೀಸ್ಟಾರ್ಟ್ ಮಾಡುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಇದರಿಂದ ಕೆಲಸ ಆಗಿಯೇಬಿಡುತ್ತದೆ. ಆಗದೇ ಹೋದಾಗ ತನಿಖೆ ಯಾವ ದಾರಿಯಲ್ಲಿ ಸಾಗಬೇಕು ಎಂಬುದನ್ನು 1980ರ ಅಕ್ಟೋಬರ್ 27ರ ಸೋಮವಾರ ಇಂದಿನ ಇಂಟರ್‌ನೆಟ್‌ನ ಪೂರ್ವಜವಾದ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ನಡೆದ ಘಟನೆಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನ್ನ ಗಮನಕ್ಕೆ ಬಂದಿಲ್ಲ. ಅಂದು ಜಾಲ ಕೆಲವು ಗಂಟೆಗಳ ಕಾಲ ಬಳಕೆಗೆ ಬಾರದಂತಾಯಿತು. ಜಾಲದ ಬಹುತೇಕ ಎಲ್ಲ ರೂಟರ್‌ಗಳ ಪ್ರೊಸೆಸರ್‌ಗಳೂ ಏದುಸಿರು ಬಿಡುತ್ತಿದ್ದವು. ಆದರೆ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಯಾವ ದೋಷವೂ ಇರಲಿಲ್ಲ. ಜಾಲವನ್ನು ನಡೆಸುತ್ತಿದ್ದ ಬಿಬಿಎನ್ ಸಂಸ್ಥೆಯ ಎರಿಕ್ ರೋಸೆನ್ 1981ರಲ್ಲಿ, ಜಾಲ ತಂತ್ರಜ್ಞಾನದ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 789 ಎಂಬ ಸಂಖ್ಯೆಯಡಿ ಬರೆದ ವರದಿಯಿಂದ ಈ ಘಟನೆಯ ವಿವರಗಳು ಇಂದಿಗೂ ಲಭ್ಯವಿವೆ.

ಜಾಲ ಹೇಗಿತ್ತು

ಆರ್ಪಾನೆಟ್‌ನಲ್ಲಿ ಇಂದಿನ ರೂಟರ್‌ನ ಕೆಲಸ ಮಾಡುತ್ತಿದ್ದ ಯಂತ್ರವನ್ನು ಇಂಪ್ ಎನ್ನುತ್ತಿದ್ದರು. ಹನಿವೆಲ್ ಕಂಪನಿಯ ಮಿನಿ ಕಂಪ್ಯೂಟರ್‌ಗಳ ಮೇಲೆ ಕಟ್ಟಿದ ಈ ಯಂತ್ರಗಳಲ್ಲಿ ಪ್ರೊಸೆಸರ್ ಸಮಯಕ್ಕೂ ಮೆಮರಿಗೂ ಬಹಳ ಬಿಗಿ. ಬಳಕೆದಾರರು ಫೋನ್ ಮೂಲಕ ನೇರವಾಗಿ ಸಂಪರ್ಕಿಸಬಹುದಾಗಿದ್ದ ಇಂಪ್‌ಗೆ ಟಿಪ್ ಎಂಬ ಹೆಸರಿತ್ತು. ಇಂಪ್‌ಗಳಿದ್ದ ಸ್ಥಳಗಳಲ್ಲಿ ಅವನ್ನು ನೋಡಿಕೊಳ್ಳಲೆಂದೇ ಸಿಬ್ಬಂದಿ ಇರುತ್ತಿರಲಿಲ್ಲ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಬಿಬಿಎನ್‌ನ ಜಾಲ ನಿಯಂತ್ರಣ ಕೇಂದ್ರವೇ ಎಲ್ಲವನ್ನೂ ದೂರದಿಂದ, ಅದೇ ಜಾಲದ ಮೂಲಕ, ನಿರ್ವಹಿಸುತ್ತಿತ್ತು. ಈ ವ್ಯವಸ್ಥೆಯ ಬೆಲೆ ಎಷ್ಟೆಂಬುದು ಮುಂದೆ ಗೊತ್ತಾಗುತ್ತದೆ.

ಘಟನೆಗೆ ಸುಮಾರು ಒಂದೂವರೆ ವರ್ಷ ಮೊದಲು ಜಾಲಕ್ಕೆ ಹೊಸ ರೂಟಿಂಗ್ ಕ್ರಮವನ್ನು, ಅಂದರೆ ಹಾದಿ ಆರಿಸುವ ವಿಧಾನವನ್ನು, ಅಳವಡಿಸಲಾಗಿತ್ತು. ಅದರ ಪ್ರಕಾರ ಪ್ರತಿಯೊಂದು ಇಂಪ್ ತನ್ನ ನೆರೆಯ ಇಂಪ್‌ಗಳು ಯಾವುವು, ಅಲ್ಲಿಗೆ ಪ್ಯಾಕೆಟ್ (ಮಾಹಿತಿಯ ತುಣುಕು) ತಲುಪಲು ಸರಾಸರಿ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ಎಂಬುದನ್ನು ಒಂದು ಪುಟ್ಟ ಸಂದೇಶದಲ್ಲಿ ಬರೆದು ಜಾಲವಿಡೀ ಸಾರುತ್ತಿತ್ತು. ಎಲ್ಲರ ಸಂದೇಶಗಳನ್ನೂ ಪಡೆದ ಪ್ರತಿಯೊಂದು ಇಂಪ್ ಇಡೀ ಜಾಲದ ನಕ್ಷೆಯನ್ನು ತನ್ನೊಳಗೇ ಕಟ್ಟಿಕೊಂಡು ಹತ್ತಿರದ ಹಾದಿಯನ್ನು ಲೆಕ್ಕ ಹಾಕುತ್ತಿತ್ತು. ಇಂದಿನ ರೂಟರ್‌ಗಳು ಹಾದಿ ಲೆಕ್ಕ ಹಾಕಲು ಬಳಸುವ ಪ್ರೊಟೊಕಾಲ್‌ಗಳಲ್ಲಿ ಒಂದಾದ ಓಎಸ್‌ಪಿಎಫ್ ಬಲ್ಲವರಿಗೆ ಈ ವಿವರಣೆ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಎರಡೂ ಒಂದೇ ವಂಶದವು.

ಒಂದು ಇಂಪ್ ನಿಮಿಷಕ್ಕೆ ಒಮ್ಮೆಯಾದರೂ ಇಂಥ ಸಂದೇಶವನ್ನು ಹೊರಡಿಸಲೇಬೇಕಿತ್ತು, ಆದರೆ ನಿಮಿಷಕ್ಕೆ ಹನ್ನೆರಡನ್ನು ಮೀರುವಂತಿರಲಿಲ್ಲ. ಹಳೆಯ ಸಂದೇಶ ಯಾವುದು, ಹೊಸದು ಯಾವುದು ಎಂದು ತಿಳಿಯಲು ಪ್ರತಿ ಸಂದೇಶಕ್ಕೂ 6 ಬಿಟ್‌ನ ಕ್ರಮಸಂಖ್ಯೆ ಇರುತ್ತಿತ್ತು. 6 ಬಿಟ್‌ನಲ್ಲಿ 0ಯಿಂದ 63ರವರೆಗೆ ಮಾತ್ರ ಎಣಿಸಬಹುದಾದ್ದರಿಂದ 63ರ ನಂತರ ಎಣಿಕೆ ಮತ್ತೆ 0ಗೆ ಮರಳುತ್ತಿತ್ತು. ಹೀಗೆ ಸುತ್ತಿ ಬರುವ ಎಣಿಕೆಯಲ್ಲಿ ದೊಡ್ಡ ಸಂಖ್ಯೆಯೇ ಹೊಸದು ಎನ್ನಲಾಗದು. ಆದ್ದರಿಂದ ನಿಯಮವನ್ನು ಹೀಗೆ ಇಟ್ಟಿದ್ದರು: ಎರಡು ಸಂಖ್ಯೆಗಳ ನಡುವಿನ ಅಂತರ 32ರಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದೊಡ್ಡದು ಹೊಸದು, ಅಂತರ 32ನ್ನು ಮೀರಿದರೆ ಎಣಿಕೆ ಒಂದು ಸುತ್ತು ಮುಗಿಸಿದೆ ಎಂದು ತಿಳಿದು ಚಿಕ್ಕದನ್ನು ಹೊಸದೆಂದು ಭಾವಿಸಬೇಕು. ತನ್ನ ಬಳಿ ಇರುವುದಕ್ಕಿಂತ ಹೊಸ ಸಂದೇಶ ಬಂದರೆ ಇಂಪ್ ಅದನ್ನು ಸ್ವೀಕರಿಸಿ ಎಲ್ಲ ಲೈನ್‌ಗಳಲ್ಲೂ ಮುಂದಕ್ಕೆ ಕಳಿಸುತ್ತಿತ್ತು. ಹಳೆಯದು ಬಂದರೆ ಬಿಸಾಡುತ್ತಿತ್ತು. ನಿಮಿಷಕ್ಕೆ ಹನ್ನೆರಡರ ಮಿತಿಯಲ್ಲಿ 32 ಹೆಜ್ಜೆ ಮುಂದೆ ಹೋಗಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಹಳೆಯ ಸಂದೇಶ ಜಾಲದಲ್ಲಿ ಉಳಿದಿರಲು ಸಾಧ್ಯವೇ ಇಲ್ಲ ಎಂಬ ನಂಬಿಕೆಯ ಮೇಲೆ ನಿಯಮ ನಿಂತಿತ್ತು.

ಲಕ್ಷಣಗಳು ಮತ್ತು ಮೊದಲ ಸುಳಿವು

ತೊಂದರೆ ದಿಢೀರನೆ ಕಾಣಿಸಿಕೊಂಡಿತು. ಒಂದು ಇಂಪ್‌ನಿಂದ ಇನ್ನೊಂದಕ್ಕೆ ನೆಚ್ಚಬಹುದಾದ ಸಂಪರ್ಕವೇ ಇಲ್ಲದಂತಾಯಿತು. ಚಾಲ್ತಿಯಲ್ಲಿದ್ದ ಸಂಪರ್ಕಗಳು ಕಡಿದುಹೋದವು, ಹೊಸ ಸಂಪರ್ಕಕ್ಕೆ ಯತ್ನಿಸಿದವರಿಗೆ ಹಾದಿಯೇ ಇಲ್ಲವೆಂಬ ದೋಷ ಸಂದೇಶ ಸಿಗುತ್ತಿತ್ತು. ದೇಶದ ನಾನಾ ಭಾಗಗಳಿಂದ ನಿಯಂತ್ರಣ ಕೇಂದ್ರಕ್ಕೆ ಫೋನ್ ಕರೆಗಳು ಒಂದರ ಹಿಂದೊಂದು ಬರತೊಡಗಿದಾಗ ಇದು ಯಾವುದೋ ಒಂದು ಊರಿನ ಸಮಸ್ಯೆಯಲ್ಲ ಎಂಬುದು ಖಚಿತವಾಯಿತು.

ಎಂಜಿನಿಯರುಗಳು ಮೊದಲು ಮಾಡಿದ ಕೆಲಸ ಸರಳವಾದದ್ದು. ಬೇರೆ ಬೇರೆ ಊರುಗಳ ಟಿಪ್‌ಗಳಿಗೆ ಫೋನ್ ಲೈನ್ ಮೂಲಕ ಡಯಲ್ ಮಾಡಿ ನೋಡಿದರು. ಟಿಪ್‌ಗಳು ಚಾಲನೆಯಲ್ಲಿದ್ದವು, ಡಯಲ್ ಮಾಡಿದವರಿಗೆ ಸರಿಯಾಗಿಯೇ ಉತ್ತರಿಸುತ್ತಿದ್ದವು. ಆದರೆ ನೆರೆಯ ಇಂಪ್‌ಗಳಿಗೆ ಹೋಗುವ ಲೈನ್‌ಗಳು ಮಾತ್ರ ಬಿದ್ದುಹೋಗಿರುವುದಾಗಿ ತೋರುತ್ತಿದ್ದವು. ಯಂತ್ರ ಬದುಕಿದೆ, ಲೈನ್ ಸತ್ತಿದೆ. ಒಂದೇ ಊರಿನಲ್ಲಿ ಹೀಗಾಗಿದ್ದರೆ ಟೆಲಿಫೋನ್ ಕಂಪನಿಯನ್ನು ದೂರಿ ಸುಮ್ಮನಾಗಬಹುದಿತ್ತು, ಆದರೆ ದೇಶದ ಎಲ್ಲ ಲೈನ್‌ಗಳೂ ಒಟ್ಟಿಗೆ ಕೆಡುವುದು ನಂಬುವಂಥ ಮಾತಲ್ಲ.

ಲೈನ್‌ಗಳೇಕೆ ಬಿದ್ದಂತೆ ತೋರಿದವು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಪ್ರೊಸೆಸರ್ ಮೇಲಿನ ಹೊರೆ ತಾನಾಗಿ ಕಾಣಿಸಿಕೊಳ್ಳದೆ ಬೇರೊಂದು ರೋಗದ ವೇಷದಲ್ಲಿ ಬರುವುದು ಇಲ್ಲಿಯೇ. ನೆರೆಯ ಎರಡು ಇಂಪ್‌ಗಳು ತಮ್ಮ ನಡುವಿನ ಲೈನ್ ಚೆನ್ನಾಗಿದೆಯೇ ಎಂದು ತಿಳಿಯಲು ಆಗಾಗ್ಗೆ ಹಲೋ ಎಂಬ ಸಂದೇಶವನ್ನೂ, ಕೇಳಿಸಿತು ಎಂಬ ಅರ್ಥದ ಮಾರುತ್ತರವನ್ನೂ ವಿನಿಮಯ ಮಾಡಿಕೊಳ್ಳುತ್ತಿದ್ದವು. ಈ ಸಂದೇಶ ಒಳಗೆ ಬರಬೇಕಾದರೆ ಅದನ್ನು ಇಟ್ಟುಕೊಳ್ಳಲು ಖಾಲಿ ಬಫರ್ ಇರಬೇಕು. ಪ್ರೊಸೆಸರ್ ಯಾವುದೋ ಒಂದು ಕೆಲಸದಲ್ಲಿ ಮುಳುಗಿ, ಆ ಕೆಲಸಕ್ಕಾಗಿ ಕಾದಿರುವ ಪ್ಯಾಕೆಟ್‌ಗಳೇ ಎಲ್ಲ ಬಫರ್‌ಗಳನ್ನೂ ತುಂಬಿಕೊಂಡರೆ ಹಲೋ ಸಂದೇಶಕ್ಕೆ ಜಾಗವಿರುವುದಿಲ್ಲ. ಒಂದಿಷ್ಟು ಹೊತ್ತು ಹಲೋ ಕೇಳಿಸದಿದ್ದರೆ ಲೈನ್ ಕೆಟ್ಟಿದೆ ಎಂದು ಇಂಪ್ ತೀರ್ಮಾನಿಸುತ್ತದೆ. ತಂತಿಯಲ್ಲಿ ದೋಷವೇ ಇಲ್ಲದೆ ಲೈನ್ ಬೀಳುವುದು ಹೀಗೆ. ಇಂದಿನ ರೂಟರ್‌ಗಳಲ್ಲಿ ಓಎಸ್‌ಪಿಎಫ್ ನೆರೆಸಂಬಂಧಗಳು ಅಥವಾ ಬಿಜಿಪಿ (ಜಾಲ ಜಾಲಗಳ ನಡುವಿನ ರೂಟಿಂಗ್ ಪ್ರೊಟೊಕಾಲ್) ಸೆಷನ್‌ಗಳು ಕಾರಣವಿಲ್ಲದೆ ಬಿದ್ದೇಳುತ್ತಿದ್ದರೆ ಲಿಂಕನ್ನು ದೂರುವ ಮೊದಲು ಪ್ರೊಸೆಸರ್ ಬಳಕೆಯನ್ನು ನೋಡಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಬಳಿಕ ಬಿಬಿಎನ್ ಕಟ್ಟಡದಲ್ಲಿಯೇ ಇದ್ದ ಕೆಲವು ಇಂಪ್‌ಗಳನ್ನು ಕೈಯಾರೆ ರೀಸ್ಟಾರ್ಟ್ ಮಾಡಲಾಯಿತು. ಅದಕ್ಕೂ ಮೊದಲು ಅವುಗಳ ಮೆಮರಿಯ ಡಂಪ್, ಅಂದರೆ ಆ ಕ್ಷಣದ ಪ್ರತಿ, ತೆಗೆದಿಟ್ಟುಕೊಂಡಿದ್ದರು. ವರದಿಯಲ್ಲಿ ಈ ಮಾತು ಆವರಣದೊಳಗೆ, ಹೇಳಬೇಕಾದ ಅಗತ್ಯವೇ ಇಲ್ಲವೆಂಬ ಧಾಟಿಯಲ್ಲಿ ಬಂದುಹೋಗುತ್ತದೆ. ಆದರೆ ಮುಂದಿನ ಇಡೀ ತನಿಖೆ ನಿಂತಿರುವುದು ಆ ಡಂಪ್‌ಗಳ ಮೇಲೆ. ಜಾಲ ನಿಂತಿದೆ, ಫೋನುಗಳು ಹೊಡೆದುಕೊಳ್ಳುತ್ತಿವೆ, ಬೇಗ ಸರಿಮಾಡಿ ಎಂದು ಮೇಲಿನವರು ಒತ್ತಾಯಿಸುತ್ತಿದ್ದಾರೆ ಎನ್ನುವ ಹೊತ್ತಿನಲ್ಲಿ ಕೆಲವು ನಿಮಿಷ ತಡೆದು ಸಾಕ್ಷ್ಯ ಸಂಗ್ರಹಿಸುವ ಅಭ್ಯಾಸ ಇಂದಿಗೂ ಅಪರೂಪವೇ ಎಂದು ನನ್ನ ಅನಿಸಿಕೆ.

ರೀಸ್ಟಾರ್ಟ್ ಆದ ಇಂಪ್‌ಗಳು ಒಂಟಿಯಾಗಿದ್ದಷ್ಟು ಹೊತ್ತು ಚೆನ್ನಾಗಿಯೇ ಇದ್ದವು. ಜಾಲಕ್ಕೆ ಜೋಡಿಸಿದ ಕೂಡಲೇ ಅದೇ ಕಾಯಿಲೆ. ರೀಸ್ಟಾರ್ಟ್‌ನಿಂದ ಗುಣವಾಗಲಿಲ್ಲ, ಆದರೆ ಅದರಿಂದ ಒಂದು ಮಹತ್ವದ ಸಂಗತಿ ತಿಳಿಯಿತು. ರೀಸ್ಟಾರ್ಟ್ ಮಾಡಿದಾಗ ರೂಟಿಂಗ್ ಪಟ್ಟಿಗಳೆಲ್ಲ ಅಳಿಸಿ ಹೊಸದಾಗಿ ಆರಂಭವಾಗುತ್ತವೆ. ಆಮೇಲೂ ತೊಂದರೆ ಮರುಕಳಿಸುತ್ತದೆ ಎಂದರೆ ಅದು ಯಂತ್ರದೊಳಗೆ ಕುಳಿತದ್ದಲ್ಲ, ನೆರೆಯವರಿಂದ ಬರುತ್ತಿರುವುದು. ಜಾಲದ ಎಲ್ಲ ಇಂಪ್‌ಗಳನ್ನೂ ಒಟ್ಟಿಗೆ ಕಾಡುವ ಸಮಸ್ಯೆ ಸಾಮಾನ್ಯವಾಗಿ ರೂಟಿಂಗ್‌ನದೇ ಆಗಿರುತ್ತದೆ ಎಂಬ ಅನುಭವವೂ ಇದಕ್ಕೆ ಜೊತೆಗೂಡಿತು. ಯಾವುದೋ ಕೆಟ್ಟ ರೂಟಿಂಗ್ ಸಂದೇಶ ಜಾಲದಲ್ಲಿ ಸುತ್ತುತ್ತಿದೆ, ಅದನ್ನು ಸಂಸ್ಕರಿಸಲು ಹೋಗಿ ಪ್ರೊಸೆಸರ್ ಕೊನೆಯಿಲ್ಲದ ಲೂಪಿಗೆ ಬಿದ್ದಿರಬಹುದು ಎಂಬುದು ಅವರ ಮೊದಲ ಊಹೆ. ದಿಕ್ಕು ಸರಿಯಿತ್ತು, ನಿಜಸ್ಥಿತಿ ಇನ್ನಷ್ಟು ತೊಡಕಿನದಾಗಿತ್ತು.

ಡಂಪ್‌ಗಳಲ್ಲಿ ಕಂಡದ್ದು

ಡಂಪ್‌ಗಳನ್ನು ತೆರೆದು ನೋಡಿದಾಗ ಬಹುಪಾಲು ಬಫರ್‌ಗಳಲ್ಲಿ, ಕೆಲವು ಇಂಪ್‌ಗಳಲ್ಲಂತೂ ಎಲ್ಲ ಬಫರ್‌ಗಳಲ್ಲಿ, ಸರದಿಗಾಗಿ ಕಾಯುತ್ತಿದ್ದ ರೂಟಿಂಗ್ ಸಂದೇಶಗಳೇ ತುಂಬಿಕೊಂಡಿದ್ದವು. ಅವೆಲ್ಲವೂ ಒಂದೇ ಮೂಲದವು: ಇಂಪ್ 50. ಅವುಗಳ ಕ್ರಮಸಂಖ್ಯೆಗಳು 8, 40, 44, ಮತ್ತೆ 8, 40, 44, ಹೀಗೆಯೇ ಸಾಗಿದ್ದವು. ವಿಚಿತ್ರವೆಂದರೆ ಇಂಪ್ 50 ಆ ಹೊತ್ತಿಗೆ ಜಾಲದಲ್ಲೇ ಇರಲಿಲ್ಲ. ಅದು ಮೊದಲೇ ಕೆಟ್ಟು ಹೊರಗುಳಿದಿತ್ತು. ಹೊಸ ಸಂದೇಶ ಹೊರಡಿಸುವ ಸ್ಥಿತಿಯಲ್ಲಿರಲಿಲ್ಲ. ಅದರ ನೆರೆಯ ಇಂಪ್ 29 ಚಾಲನೆಯಲ್ಲಿತ್ತಾದರೂ ಅದಕ್ಕೂ ಹಾರ್ಡ್‌ವೇರ್ ತೊಂದರೆ ಇತ್ತು: ಅದರ ಮೆಮರಿಯಲ್ಲಿ ಬಿಟ್‌ಗಳು ಬಿದ್ದುಹೋಗುತ್ತಿದ್ದವು, ಅಂದರೆ 1 ಇದ್ದ ಕಡೆ 0 ಆಗುತ್ತಿತ್ತು. ಇಂಪ್ 50ರಲ್ಲಿದ್ದ ದೋಷವೂ ಈ ಇಂಪ್ 29ರೊಂದಿಗಿನ ಅದರ ಸಂವಹನಕ್ಕೆ ಸಂಬಂಧಿಸಿದ್ದೇ ಆಗಿತ್ತು.

ಮೇಲಿನ ನಿಯಮಕ್ಕೆ ಈ ಮೂರು ಸಂಖ್ಯೆಗಳನ್ನು ಹಚ್ಚಿ ನೋಡೋಣ. 44ಕ್ಕೂ 40ಕ್ಕೂ ಅಂತರ 4. ಆದ್ದರಿಂದ 40ಕ್ಕಿಂತ 44 ಹೊಸದು. 40ಕ್ಕೂ 8ಕ್ಕೂ ಅಂತರ ಸರಿಯಾಗಿ 32. ಆದ್ದರಿಂದ 8ಕ್ಕಿಂತ 40 ಹೊಸದು. 44ಕ್ಕೂ 8ಕ್ಕೂ ಅಂತರ 36, ಅಂದರೆ 32ನ್ನು ಮೀರಿದ್ದು. ಆದ್ದರಿಂದ 44ಕ್ಕಿಂತ 8 ಹೊಸದು. ಮೂರರಲ್ಲಿ ಪ್ರತಿಯೊಂದೂ ಮತ್ತೊಂದಕ್ಕಿಂತ ಹೊಸದೇ. ಇಂಪ್ ಒಂದರ ಪಟ್ಟಿಯಲ್ಲಿ 8 ಇದೆ ಎಂದುಕೊಳ್ಳಿ. 40 ಬಂದಾಗ ಅದು ಹೊಸದೆಂದು ಸ್ವೀಕರಿಸಿ ಎಲ್ಲ ಲೈನ್‌ಗಳಿಗೂ ಕಳಿಸುತ್ತದೆ. 44 ಬಂದಾಗಲೂ ಹಾಗೆಯೇ. ಆಮೇಲೆ ನೆರೆಯವರಿಂದ ಮತ್ತೆ 8 ಬರುತ್ತದೆ. ಅದು 44ಕ್ಕಿಂತ ಹೊಸದಾದ್ದರಿಂದ ಅದನ್ನೂ ಸ್ವೀಕರಿಸಿ ಎಲ್ಲರಿಗೂ ಕಳಿಸುತ್ತದೆ. ಬಿಸಾಡುವ ಪ್ರಸಂಗವೇ ಬರುವುದಿಲ್ಲ. ಗಾಣಕ್ಕೆ ಕಟ್ಟಿದ ಎತ್ತುಗಳಂತೆ ಮೂರು ಸಂದೇಶಗಳು ಇಡೀ ಜಾಲವನ್ನು ಸುತ್ತುತ್ತಲೇ ಇದ್ದವು, ಪ್ರತಿ ಸುತ್ತಿನಲ್ಲೂ ಪ್ರತಿ ಇಂಪ್‌ಗೂ ಹೊಸ ಸಮಾಚಾರ ಬಂದಷ್ಟೇ ಕೆಲಸ ಕೊಡುತ್ತಿದ್ದವು. ಹಳತಾದ ಸಂದೇಶವನ್ನು ವಯಸ್ಸಿನ ಆಧಾರದ ಮೇಲೆ ತೆಗೆದುಹಾಕುವ ಏರ್ಪಾಡು ಇತ್ತಾದರೂ ಸಂದೇಶ ಪಟ್ಟಿಯಲ್ಲಿ ಕುಳಿತಿದ್ದರೆ ಮಾತ್ರ ಅದಕ್ಕೆ ವಯಸ್ಸಾಗುತ್ತಿತ್ತು; ಕ್ಷಣಕ್ಷಣಕ್ಕೂ ಒಂದನ್ನೊಂದು ತಳ್ಳಿ ಮುಂದೆ ಸಾಗುವ ಸಂದೇಶಗಳಿಗೆ ಮುಪ್ಪೇ ಬರುವುದಿಲ್ಲ.

ರೂಟಿಂಗ್ ಕೆಲಸಕ್ಕೆ ಇಂಪ್‌ನಲ್ಲಿ ಹೆಚ್ಚಿನ ಆದ್ಯತೆ ಇತ್ತು. ಸಾಮಾನ್ಯ ದಿನಗಳಲ್ಲಿ ಅದು ವಿವೇಕದ ಕ್ರಮವೇ: ಹಾದಿ ಬದಲಾದದ್ದು ಬೇಗ ತಿಳಿಯದಿದ್ದರೆ ಪ್ಯಾಕೆಟ್‌ಗಳು ದಾರಿ ತಪ್ಪುತ್ತವೆ. ಅಂದು ಮಾತ್ರ ಅದೇ ಆದ್ಯತೆಯಿಂದಾಗಿ ಉಳಿದ ಕೆಲಸಗಳಿಗೆ ಪ್ರೊಸೆಸರ್ ಸಿಗದೆ ಹೋಯಿತು.

ಈ ಮೂರು ಸಂಖ್ಯೆಗಳು ಏಕಕಾಲದಲ್ಲಿ ಇರಲು ಹೇಗೆ ಸಾಧ್ಯ? 8ರಿಂದ 40ಕ್ಕೆ ಹೋಗಲು ನಿಮಿಷಗಳೇ ಬೇಕು, ನಡುವಿನ 31 ಸಂಖ್ಯೆಗಳು ಎಲ್ಲಿಯೂ ಕಾಣಲಿಲ್ಲ. ಇಂಪ್ 50ರ ಗಡಿಯಾರ ಹತ್ತಾರು ಪಟ್ಟು ವೇಗವಾಗಿ ಓಡುತ್ತಿದ್ದಿರಬಹುದೇ ಎಂದು ಮೊದಲು ಯೋಚಿಸಿದರು. ಉತ್ತರ ಸಿಕ್ಕಿದ್ದು ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಬರೆದು ನೋಡಿದಾಗ:

44 – 101100
40 – 101000
8 – 001000

44ರಲ್ಲಿ ಒಂದು ಬಿಟ್ ಬಿದ್ದರೆ 40, ಅದರಲ್ಲಿ ಇನ್ನೊಂದು ಬಿದ್ದರೆ 8. ಕ್ರಮಸಂಖ್ಯೆಯೊಂದನ್ನು ಬಿಟ್ಟರೆ ಮೂರೂ ಸಂದೇಶಗಳ ಒಡಲು ಅಕ್ಷರಶಃ ಒಂದೇ ಆಗಿತ್ತು. ಅಂದರೆ ನಿಜವಾಗಿ ಇದ್ದದ್ದು 44 ಎಂಬ ಒಂದೇ ಸಂದೇಶ. ಎರಡು ಬಾರಿ ಕೆಟ್ಟು ಅದು ಮೂರಾಗಿತ್ತು.

ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆಯಾದ ಚೆಕ್‌ಸಮ್ ಇದ್ದೂ ಹೀಗೇಕಾಯಿತು ಎಂದು ಕೇಳಬಹುದು. ಪ್ಯಾಕೆಟ್‌ಗೆ ಚೆಕ್‌ಸಮ್ ಇತ್ತು. ತಂತಿಯ ಮೇಲೆ ಬಿಟ್ ಬದಲಾಗಿದ್ದರೆ ಅದು ಸಿಕ್ಕಿಬೀಳುತ್ತಿತ್ತು. ಆದರೆ ಸಂದೇಶವನ್ನು ಮತ್ತೊಮ್ಮೆ ಕಳಿಸಬೇಕಾದಾಗ ಇಂಪ್ ಹಳೆಯ ಪ್ಯಾಕೆಟನ್ನೇ ಕಳಿಸುತ್ತಿರಲಿಲ್ಲ, ಮೆಮರಿಯ ಪಟ್ಟಿಯಲ್ಲಿದ್ದ ಮಾಹಿತಿಯಿಂದ ಹೊಸದಾಗಿ ಕಟ್ಟಿ, ಅದಕ್ಕೆ ಹೊಸ ಚೆಕ್‌ಸಮ್ ಹಾಕಿ ಕಳಿಸುತ್ತಿತ್ತು. ಪಟ್ಟಿಯಲ್ಲೇ ಬಿಟ್ ಬಿದ್ದಿದ್ದರೆ ಕೆಟ್ಟ ಮಾಹಿತಿಗೆ ಸರಿಯಾದ ಮೊಹರು ಬಿದ್ದಂತಾಗುತ್ತದೆ. ಪಟ್ಟಿಗಳಿಗೂ ಚೆಕ್‌ಸಮ್ ಹಾಕಿ ಪ್ರತಿ ಬಾರಿ ತಾಳೆ ನೋಡಲು ಪ್ರೊಸೆಸರ್ ಸಮಯವೋ ಮೆಮರಿಯೋ ಬಹಳ ಬೇಕಾಗುತ್ತಿತ್ತು, ವರ್ಷಕ್ಕೊಮ್ಮೆ ಬರಬಹುದಾದ ತೊಂದರೆಗೆ ಅಷ್ಟು ಖರ್ಚು ಅನಗತ್ಯವೆಂದು ವಿನ್ಯಾಸಕಾರರು ಭಾವಿಸಿದ್ದರು. ಹಾರ್ಡ್‌ವೇರ್‌ನಲ್ಲಿ ಮೆಮರಿಯ ಬಿಟ್ ದೋಷ ಹಿಡಿಯುವ ಪ್ಯಾರಿಟಿ ಪರೀಕ್ಷೆಯೂ ಇತ್ತು, ಆದರೆ ಅದನ್ನು ಆರಿಸಿಟ್ಟಿದ್ದರು. ದೋಷವಿಲ್ಲದಿದ್ದಾಗಲೂ ಅದು ದೋಷವೆಂದು ಕೂಗುತ್ತಿತ್ತು. ಕೂಗಿದಾಗಲೆಲ್ಲ ಯಂತ್ರ ಪೂರ್ತಿಯಾಗಿ ನಿಂತುಬಿಡುತ್ತಿತ್ತು. ಆ ಸ್ಥಿತಿಯಲ್ಲಿ ಯಾರಾದರೂ ಆರಿಸುತ್ತಿದ್ದರು ಎಂದೇ ನಾನು ಹೇಳುತ್ತೇನೆ.

ಇಲ್ಲೊಂದು ಸಣ್ಣ ಲೆಕ್ಕವನ್ನು ಸೇರಿಸಬಹುದು. 40 ಮತ್ತು 8ರ ನಡುವಿನ ಅಂತರ ನಿಯಮದ ಗಡಿಯ ಮೇಲೆಯೇ ನಿಂತಿದೆ. ಅಂತರ 32ಕ್ಕಿಂತ ಕಡಿಮೆ ಇದ್ದರೆ ಮಾತ್ರ ದೊಡ್ಡದು ಹೊಸದು ಎಂದು ಬರೆದಿದ್ದರೆ 8 ಮತ್ತು 40ರಲ್ಲಿ ಯಾವುದೂ ಹೊಸದಾಗದೆ ಈ ನಿರ್ದಿಷ್ಟ ಸುತ್ತು ತುಂಡಾಗುತ್ತಿತ್ತು. ಅದನ್ನು ಪರಿಹಾರವೆನ್ನಲಾಗದು, ಆಗ ಒಂದು ಇಂಪ್ 8ನ್ನೂ ಇನ್ನೊಂದು 40ನ್ನೂ ಹಿಡಿದು ಕೂರುವ ಬೇರೆ ಬಗೆಯ ಗೊಂದಲ ಉಂಟಾಗುತ್ತಿತ್ತು. ಸುತ್ತಿ ಬರುವ ಎಣಿಕೆಯಲ್ಲಿ ಹೊಸತು ಹಳತು ಎಂಬ ಸಂಬಂಧ ಸರಪಳಿಯಾಗದೆ ಬಳೆಯಾಗುವ ಅವಕಾಶ ಇದ್ದೇ ಇರುತ್ತದೆ.

ಪರಿಹಾರ

ಮೂರು ಸಂಖ್ಯೆಗಳು ಹೇಗೆ ಹುಟ್ಟಿದವು ಎಂಬುದು ಇನ್ನೂ ಅರ್ಥವಾಗಿರದಿದ್ದಾಗಲೇ ಜಾಲವನ್ನು ಎಬ್ಬಿಸುವ ಕೆಲಸ ಆರಂಭವಾಯಿತು. ಇದು ನನಗೆ ಬಹಳ ಮೆಚ್ಚುಗೆಯಾದ ತೀರ್ಮಾನ. ಇಂಪ್ 50ರ ಹೆಸರಿನಲ್ಲಿ ಬರುವ ಯಾವ ರೂಟಿಂಗ್ ಸಂದೇಶವನ್ನೂ ಲೆಕ್ಕಿಸಬೇಡ ಎಂಬ ಪುಟ್ಟ ಪ್ಯಾಚನ್ನು (ಸಾಫ್ಟ್‌ವೇರ್ ತಿದ್ದುಪಡಿಯನ್ನು) ಎಲ್ಲ ಇಂಪ್‌ಗಳಿಗೂ ಹಾಕುವುದು. ಇಂಪ್ 50 ಹೇಗೂ ಜಾಲದಲ್ಲಿರಲಿಲ್ಲವಾದ್ದರಿಂದ ನಷ್ಟವಿಲ್ಲ. ಎಲ್ಲವನ್ನೂ ಒಂದೇ ಸಲ ಆರಿಸಿ ಮತ್ತೆ ಹೊತ್ತಿಸಿದರೂ ಸುತ್ತು ನಿಲ್ಲುತ್ತಿತ್ತು, ಆದರೆ ಒಂದೇ ಒಂದು ಇಂಪ್ ಉಳಿದುಕೊಂಡರೂ ಅದು ಮತ್ತೆ ಎಲ್ಲರಿಗೂ ಹಂಚುವ ಅಪಾಯವಿತ್ತು.

ಸಾಮಾನ್ಯ ದಿನಗಳಲ್ಲಿ ಇಂಥ ಪ್ಯಾಚ್ ಕೆಲವೇ ನಿಮಿಷಗಳಲ್ಲಿ ಎಲ್ಲೆಡೆ ತಲುಪುತ್ತಿತ್ತು. ಜಾಲವೇ ಉಸಿರುಗಟ್ಟಿದ್ದ ಆ ಸ್ಥಿತಿಯಲ್ಲಿ ಅದಕ್ಕೆ ಮೂರು ನಾಲ್ಕು ಗಂಟೆ ಬೇಕಾಗುತ್ತಿತ್ತು, ಏಕೆಂದರೆ ಪ್ಯಾಚ್ ಹೋಗಬೇಕಾದ ದಾರಿಯೂ ಅದೇ ಜಾಲ. ಕೊನೆಗೆ ಕ್ರಮ ಪೂರ್ತಿ ಫಲಿಸಿ ಜಾಲ ಮರಳಿತು.

ಇಂದಿನ ರೂಟರ್‌ನ ಮುಂದೆ ಕುಳಿತಾಗ

ಇದೇ ತನಿಖೆಯನ್ನು ಇಂದು ಮಾಡುವವರಿಗೆ ಉಪಕರಣಗಳು ಹೆಚ್ಚಿವೆ. ಸಿಸ್ಕೊ ಕಂಪನಿಯ ಐಒಎಸ್ ಸಾಫ್ಟ್‌ವೇರ್ ಇರುವ ರೂಟರ್‌ನಲ್ಲಿ ‘ಶೋ ಪ್ರೊಸೆಸಸ್ ಸಿಪಿಯು’ ಎಂದು ಕೇಳಿದರೆ ಕಳೆದ ಐದು ಸೆಕೆಂಡುಗಳ ಬಳಕೆ 99%/12% ಎಂಬಂಥ ರೂಪದಲ್ಲಿ ಬರುತ್ತದೆ. ಓರೆಗೆರೆಯ ಮುಂಚಿನದು ಒಟ್ಟು ಬಳಕೆ, ನಂತರದ್ದು ಇಂಟರಪ್ಟ್ ಹಂತದಲ್ಲಿ (ಉಳಿದ ಕೆಲಸವನ್ನು ನಡುವೆ ತಡೆದು) ಪ್ಯಾಕೆಟ್ ಸಾಗಿಸಲು ಖರ್ಚಾದದ್ದು. ಎರಡನೆಯದೇ ದೊಡ್ಡದಾಗಿದ್ದರೆ ಟ್ರಾಫಿಕ್ ಹೆಚ್ಚಿದೆ ಎಂದು ಮೊದಲು ಶಂಕಿಸಬೇಕು. ಎರಡರ ನಡುವೆ ದೊಡ್ಡ ಅಂತರವಿದ್ದರೆ ಯಾವುದೋ ಪ್ರೊಸೆಸ್ ಹೊತ್ತನ್ನೆಲ್ಲ ತಿನ್ನುತ್ತಿದೆ; ಕೆಳಗಿನ ಪಟ್ಟಿಯಲ್ಲಿ ಅದರ ಹೆಸರು ಸಿಗುತ್ತದೆ. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಆ ಪ್ರೊಸೆಸ್ ಯಾರು ಕೊಟ್ಟ ಕೆಲಸವನ್ನು ಮಾಡುತ್ತಿದೆ ಎಂಬುದು ಮುಂದಿನ ಪ್ರಶ್ನೆ, ಅದಕ್ಕೆ ಉತ್ತರ ಸಿಗುವುದು ಸರದಿಯಲ್ಲಿ ಕಾದಿರುವ ಪ್ಯಾಕೆಟ್‌ಗಳ ಮೂಲವನ್ನು ನೋಡಿದಾಗ ಮಾತ್ರ. ಬಿಬಿಎನ್‌ನವರು ಹೊರೆಯ ಪ್ರಮಾಣವನ್ನು ಅಳೆಯುತ್ತ ಕೂರದೆ ಬಫರ್‌ಗಳನ್ನು ತೆರೆದು ಓದಿದ್ದರಿಂದಲೇ ಇಂಪ್ 50ರ ಹೆಸರು ಅವರ ಕಣ್ಣಿಗೆ ಬಿತ್ತು.

1980ರ ಪೆಟ್ಟಿನ ಗುರುತುಗಳು ಓಎಸ್‌ಪಿಎಫ್ ಪ್ರೊಟೊಕಾಲ್‌ನಲ್ಲಿ ಒಂದೊಂದಾಗಿ ಕಾಣುತ್ತವೆ. ಅದರ ಎರಡನೆಯ ಆವೃತ್ತಿಯ ಕ್ರಮಸಂಖ್ಯೆ 32 ಬಿಟ್‌ನದು, ಮತ್ತು ಅದು ಸುತ್ತಿ ಬರುವುದಿಲ್ಲ. ನೇರವಾಗಿ ಏರುತ್ತದೆ, ಕೊನೆ ಮುಟ್ಟಿದರೆ ಹಳೆಯದನ್ನು ಜಾಲದಿಂದ ಪೂರ್ತಿ ತೆಗೆಸಿದ ಮೇಲೆಯೇ ಮೊದಲಿನಿಂದ ಆರಂಭಿಸಬೇಕು. ಐದು ಸೆಕೆಂಡಿಗೊಂದರಂತೆ ಬಿಡುವಿಲ್ಲದೆ ಹೊರಡಿಸಿದರೂ ಆ ಕೊನೆ ಮುಟ್ಟಲು ಸುಮಾರು 680 ವರ್ಷ ಬೇಕು. ಸಂದೇಶ ಒಂದು ರೂಟರ್‌ನಿಂದ ಇನ್ನೊಂದಕ್ಕೆ ದಾಟಿದಾಗಲೆಲ್ಲ ಅದರ ವಯಸ್ಸು ಕನಿಷ್ಠ ಒಂದು ಸೆಕೆಂಡ್ ಏರಲೇಬೇಕು, 3600 ಸೆಕೆಂಡ್ ಆದರೆ ಅದರ ಆಯುಷ್ಯ ಮುಗಿಯಿತು. ಆದ್ದರಿಂದ ಸುತ್ತುತ್ತಲೇ ಇರುವ ಸಂದೇಶಕ್ಕೂ ಮುಪ್ಪು ತಪ್ಪದು. ಒಂದೇ ಸಂದೇಶದ ಹೊಸ ಪ್ರತಿಯನ್ನು ನೆರೆಯ ರೂಟರ್‌ನಿಂದ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಾಗಿ ಸ್ವೀಕರಿಸುವಂತಿಲ್ಲ. ಮೂಲ ರೂಟರ್ ಹಾಕಿದ ಚೆಕ್‌ಸಮ್ಮನ್ನು ಮಧ್ಯದ ಯಾವ ರೂಟರ್ ಕೂಡ ಬದಲಿಸುವುದಿಲ್ಲ. ಸಂದೇಶ ಮೆಮರಿಯಲ್ಲಿ ಕುಳಿತಿರುವಾಗಲೂ ಅದರ ವಯಸ್ಸು ಐದು ನಿಮಿಷದ ಗುಣಕವನ್ನು ಮುಟ್ಟಿದಾಗಲೆಲ್ಲ ಮತ್ತೆ ತಾಳೆ ನೋಡಬೇಕು.

ಕೆಟ್ಟ ಜಾಲವನ್ನು ಅದೇ ಜಾಲದ ಮೂಲಕ ಸರಿಪಡಿಸಬೇಕಾಗುವ ಸಮಸ್ಯೆ ಮಾತ್ರ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬೆನ್ನೆಲುಬು ಜಾಲ ನಿರ್ವಹಣಾ ಕಾರ್ಯದ ವೇಳೆ ಕಡಿದುಹೋದಾಗ ಎಂಜಿನಿಯರುಗಳಿಗೆ ಮಾಮೂಲಿ ದಾರಿಯೂ ಇರಲಿಲ್ಲ, ತುರ್ತಿಗೆಂದು ಇಟ್ಟಿದ್ದ ಪ್ರತ್ಯೇಕ ದಾರಿಯೂ ಕೆಲಸ ಮಾಡಲಿಲ್ಲ. ಡೇಟಾ ಸೆಂಟರ್‌ಗಳಿಗೆ ಜನರನ್ನು ಖುದ್ದಾಗಿ ಕಳಿಸಬೇಕಾಯಿತು. ರೂಟರ್‌ಗಳನ್ನು ನಿಯಂತ್ರಿಸಲು ಪ್ರತ್ಯೇಕ ಕನ್ಸೋಲ್ ಜಾಲವಿದೆ ಎಂದು ನಕ್ಷೆಯಲ್ಲಿ ಬರೆದಿದ್ದರೆ ಸಾಲದು. ಅದು ಸಾಗುವ ಫೈಬರ್, ಅದರಲ್ಲಿ ಲಾಗಿನ್ ಆಗಲು ಬೇಕಾದ ದೃಢೀಕರಣ ಸರ್ವರ್, ಹೆಸರು ಹುಡುಕುವ ಡಿಎನ್‌ಎಸ್, ಇವುಗಳಲ್ಲಿ ಯಾವುದಾದರೂ ಮುಖ್ಯ ಜಾಲದ ಮೇಲೆಯೇ ನಿಂತಿದೆಯೇ ಎಂದು ಮುಖ್ಯ ಜಾಲವನ್ನು ನಿಜವಾಗಿ ಕಡಿದು, ಬಿಡುವಿನ ದಿನವೊಂದರಲ್ಲಿ ನೋಡಿಕೊಳ್ಳಬೇಕು.